ರಾತ್ರಿ ಎರಡು ಗಂಟೆಗೆ ಯುದ್ಧ ನೋಡುತ್ತಿದ್ದೀರಾ? ಮೊದಲು ಫೋನ್ ಕೆಳಗಿಡಿ

2023ರ ಫೆಬ್ರವರಿ 6ರಂದು ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪ ಆಯಿತಲ್ಲ, ಆ ವಾರ ನಾನು ಸರಿಯಾಗಿ ಮಲಗಲೇ ಇಲ್ಲ. ನನ್ನ ಮನೆಯ ಒಂದು ಲೋಟವೂ ಅಲುಗಾಡಿರಲಿಲ್ಲ. ಅಲ್ಲಿ ನನಗೆ ಗೊತ್ತಿರುವವರು ಒಬ್ಬರೂ ಇರಲಿಲ್ಲ. ಆದರೂ ದಿನಾ ರಾತ್ರಿ ದೀಪ ಆರಿಸಿ, ಹೊದಿಕೆಯೊಳಗೆ ಫೋನ್ ಹಿಡಿದುಕೊಂಡು, ಬಿದ್ದ ಕಟ್ಟಡದ ಅಡಿಯಿಂದ ಯಾರನ್ನಾದರೂ ಜೀವಂತ ಎಳೆದರಾ ಎಂದು ಒಂದಾದ ಮೇಲೊಂದು ವಿಡಿಯೋ ನೋಡುತ್ತಿದ್ದೆ. ಮಗು ಉಳಿದರೂ ಅಳು, ಉಳಿಯದಿದ್ದರೂ ಅಳು. ಬೆಳಗ್ಗೆ ತಲೆ ಭಾರ. ಅಮ್ಮ ಫೋನ್ ಮಾಡಿ ಏನೋ ಸಣ್ಣ ವಿಷಯ ಕೇಳಿದರೆ ರೇಗಿಬಿಟ್ಟೆ. ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ನಾನು ಊರಿಗೂ ಉಪಕಾರಿ ಆಗಿರಲಿಲ್ಲ.

ಯಾಕೆಂದರೆ ಆ ವಾರ ಪೂರ್ತಿ ನಾನು ಮಾಡಿದ್ದು ನೋಡಿದ್ದು ಮಾತ್ರ. ಆದರೆ ಒಳಗೊಳಗೆ ಏನೋ ದೊಡ್ಡದು ಮಾಡಿದ ಹಾಗೆ, ಅವರ ಜೊತೆ ನಿಂತ ಹಾಗೆ ಅನ್ನಿಸುತ್ತಿತ್ತು. ಫೋನ್ ಕೆಳಗಿಟ್ಟರೆ ಅವರ ಕೈಬಿಟ್ಟ ಹಾಗೆ ಅನ್ನಿಸುತ್ತಿತ್ತು.

ನೀವೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಇದು ನಿಮಗೆ. ನೋಡುವುದು ನೆರವಲ್ಲ. ನೀವು ನಿದ್ದೆಗೆಟ್ಟರೆ ಅಲ್ಲಿ ಯಾರಿಗೂ ಒಂದು ಕಂಬಳಿ ಜಾಸ್ತಿ ಸಿಗುವುದಿಲ್ಲ. ಇಷ್ಟು ಒಪ್ಪಿಕೊಂಡರೆ ಮುಂದಿನದು ಅಷ್ಟು ಕಷ್ಟವಿಲ್ಲ.

ಮೊದಲು ಮೈ ಸುಮ್ಮನಾಗಲಿ

ಎದೆ ಹೊಡೆದುಕೊಳ್ಳುತ್ತಿದೆ, ಹೊಟ್ಟೆ ಹಿಂಡುತ್ತಿದೆ, ದವಡೆ ಬಿಗಿದಿದೆ ಎಂದಾದರೆ ಆ ಹೊತ್ತಿನಲ್ಲಿ "ಪ್ರಪಂಚಕ್ಕೆ ನಾನೇನು ಮಾಡಲಿ" ಎಂದು ಯೋಚಿಸಲು ಹೋಗಬೇಡಿ. ಬಾಂಬ್ ಬಿದ್ದದ್ದು ಸಾವಿರಾರು ಕಿಲೋಮೀಟರ್ ದೂರದಲ್ಲಿ ಎಂದು ನಿಮಗೆ ಗೊತ್ತು, ಮೈಗೆ ಗೊತ್ತಿಲ್ಲ. ಅದು ಪಕ್ಕದ ಕೋಣೆಯಲ್ಲೇ ಬಿದ್ದ ಹಾಗೆ ಓಡಲು ತಯಾರಾಗಿರುತ್ತದೆ.

ಎರಡೂ ಪಾದ ನೆಲಕ್ಕೆ ಊರಿ ಕುಳಿತುಕೊಳ್ಳಿ. ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ ಒಂದೆರಡು ನಿಮಿಷ. ಇದರಲ್ಲಿ ಮಂತ್ರವೂ ಇಲ್ಲ, ಮಾಯವೂ ಇಲ್ಲ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನ ಆಗುವುದು ದೇಹದ ಸಹಜ ಗುಣ, ನಾವು ಅದನ್ನೇ ಉಪಯೋಗಿಸಿಕೊಳ್ಳುತ್ತಿದ್ದೇವೆ ಅಷ್ಟೆ. ಆಮೇಲೆ ಸುತ್ತ ಕಾಣುವ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿಕೊಳ್ಳಿ. ಕಿಟಕಿ, ಚಪ್ಪಲಿ, ನೀರಿನ ಬಾಟಲಿ. ಪೆದ್ದುತನ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಚಪ್ಪಲಿ ನೋಡುತ್ತಾ ಕುಳಿತ ಮನಸ್ಸು ಅಷ್ಟು ಹೊತ್ತಾದರೂ ಇಲ್ಲೇ ಇರುತ್ತದೆ.

ಸುದ್ದಿಗೆ ಒಂದು ಹೊತ್ತು ಗೊತ್ತುಮಾಡಿ

2013ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಅದಾದ ಮೇಲೆ ಸಂಶೋಧಕರು ಸಾವಿರಾರು ಜನರನ್ನು ಕೇಳಿ ನೋಡಿದರು. ಸ್ಫೋಟದ ಜಾಗದಲ್ಲೋ ಅದರ ಹತ್ತಿರವೋ ಇದ್ದವರಿಗಿಂತ, ಆ ವಾರ ದಿನಕ್ಕೆ ಆರು ಗಂಟೆಗೂ ಹೆಚ್ಚು ಅದರ ಸುದ್ದಿ ನೋಡಿದವರಲ್ಲಿ ಮಾನಸಿಕ ಒತ್ತಡದ ಲಕ್ಷಣಗಳು ಜಾಸ್ತಿ ಕಂಡವು. ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಯೋಚಿಸಿದರೆ ಸರಿಯೇ. ಅಲ್ಲಿದ್ದವರಿಗೆ ಬಾಂಬ್ ಸಿಡಿದದ್ದು ಆ ಒಂದು ದಿನ. ಪರದೆಯ ಮುಂದೆ ಕುಳಿತವರಿಗೆ ಅದು ಗಂಟೆಗೆ ಇಪ್ಪತ್ತು ಸಲ ಸಿಡಿಯುತ್ತದೆ.

ಸುದ್ದಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. "ನಾನು ಸುದ್ದಿ ನೋಡೋದೇ ಇಲ್ಲಪ್ಪ, ನೆಮ್ಮದಿಯಾಗಿದ್ದೇನೆ" ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕಣ್ಣು ಮುಚ್ಚಿಕೊಳ್ಳುವುದೂ ಎಲ್ಲರಿಗೂ ಸಿಗುವ ಸೌಕರ್ಯವಲ್ಲ. ನಾನು ಹೇಳುವುದು ಅಳತೆಯ ಬಗ್ಗೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಹದಿನೈದು ಹದಿನೈದು ನಿಮಿಷ. ನೋಡುವುದಕ್ಕಿಂತ ಓದಿ. ಓದುವಾಗ ವೇಗ ನಿಮ್ಮ ಕೈಯಲ್ಲಿರುತ್ತದೆ, ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದೂ ನಿಮ್ಮ ಕೈಯಲ್ಲಿರುತ್ತದೆ, ವಿಡಿಯೋದಲ್ಲಿ ಕಿರುಚಾಟ ಕಿವಿಗೆ ಬಿದ್ದ ಮೇಲೆ ಬೇಡ ಎಂದರೂ ಅದು ಒಳಗೆ ಹೋಗಿ ಆಗಿರುತ್ತದೆ. ವಿಡಿಯೋ ತಾನಾಗಿ ಓಡುವುದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ನೋಟಿಫಿಕೇಶನ್ ಆಫ್. ಮಲಗುವ ಮುಂಚಿನ ಒಂದು ಗಂಟೆ ಪೂರ್ತಿ ಆಫ್.

"ಏನಾದರೂ ತಪ್ಪಿಸಿಕೊಂಡರೆ?" ಎಂಬ ಚಡಪಡಿಕೆ ಮೊದಲ ಮೂರು ದಿನ ಇರುತ್ತದೆ. ನಿಜವಾಗಿ ನಿಮಗೆ ತಟ್ಟುವ ಸುದ್ದಿಯಾದರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ನಿಮ್ಮವರೇ ಅಲ್ಲಿದ್ದರೆ ಅಥವಾ ಅಪಾಯ ನಿಮ್ಮ ಹತ್ತಿರವೇ ಇದ್ದರೆ ಆ ಮಾತು ಬೇರೆ. ಆಗ ಸರ್ಕಾರದ ಅಧಿಕೃತ ಎಚ್ಚರಿಕೆ ಬರುವ ದಾರಿ ಒಂದನ್ನು ಸದಾ ತೆರೆದಿಡಿ, ಉಳಿದ ಗದ್ದಲವನ್ನು ಮುಚ್ಚಿ.

ಫಾರ್ವರ್ಡ್ ಬಗ್ಗೆ ಎರಡು ಮಾತು. ಒಂದು ಸಲ ಪ್ರವಾಹದ ಫೋಟೋ ಒಂದನ್ನು ಅಳುತ್ತಲೇ ನಾಲ್ಕು ಗ್ರೂಪಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಗೆಳೆಯನೊಬ್ಬ ಉತ್ತರ ಕೊಟ್ಟ, ಅದು ಎಷ್ಟೋ ವರ್ಷ ಹಳೆಯದು, ದೇಶವೂ ಬೇರೆ. ನಾಚಿಕೆಯಾಯಿತು. 2020ರಲ್ಲಿ ಕೋವಿಡ್ ಶುರುವಾದಾಗಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಇನ್ಫೋಡೆಮಿಕ್ ಎಂದು ಕರೆದಿತ್ತು, ರೋಗದ ಜೊತೆಜೊತೆಗೇ ಸುಳ್ಳು ಸುದ್ದಿಯ ಸಾಂಕ್ರಾಮಿಕ ಎಂಬ ಅರ್ಥದಲ್ಲಿ. ಈಗ ನನ್ನ ಪದ್ಧತಿ ಇಷ್ಟೇ: ಯಾವುದಾದರೂ ಫೋಟೋ ನೋಡಿ ರಕ್ತ ಕುದ್ದರೆ ಹತ್ತು ನಿಮಿಷ ಸುಮ್ನೆ ಇರುತ್ತೇನೆ, ಆಮೇಲೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಅದು ಮೊದಲು ಎಲ್ಲಿ ಬಂದಿತ್ತು ನೋಡುತ್ತೇನೆ. ಸತ್ತವರ ಮುಖ ಕಾಣುವ ಚಿತ್ರವನ್ನಂತೂ ನಿಜವಾದರೂ ಕಳಿಸುವುದಿಲ್ಲ. ನಮ್ಮ ಮನೆಯವರದ್ದಾಗಿದ್ದರೆ ಯಾರೋ ಗೊತ್ತಿಲ್ಲದವರ ಫೋನಿನಲ್ಲಿ ಓಡಾಡುವುದನ್ನು ಒಪ್ಪುತ್ತಿದ್ದೆವಾ?

ಏನೂ ಅನ್ನಿಸುತ್ತಿಲ್ಲ, ಕಲ್ಲಾಗಿಬಿಟ್ಟೆನಾ?

ಕೆಲವರಿಗೆ ಇದರ ತದ್ವಿರುದ್ಧ ಆಗುತ್ತದೆ. ಮೊದಲ ವಾರ ಅತ್ತವರು ಮೂರನೇ ತಿಂಗಳಿಗೆ ಸಾವಿನ ಸಂಖ್ಯೆಯನ್ನು ಹವಾಮಾನ ವರದಿಯ ಹಾಗೆ ಓದಿ ಮುಂದೆ ಹೋಗುತ್ತಾರೆ. ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಬೈದುಕೊಳ್ಳಬೇಡಿ. ಮನುಷ್ಯರ ಮನಸ್ಸು ಇರುವುದೇ ಹಾಗೆ.

2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳಗಳಿಂದ ಮನೆ ಬಿಟ್ಟು ಓಡಿದವರು ಪ್ರಪಂಚದಲ್ಲಿ 12 ಕೋಟಿಗೂ ಹೆಚ್ಚು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ. ಈ ಸಂಖ್ಯೆ ಓದಿದಾಗ ನಿಮಗೇನಾಯಿತು? ಪ್ರಾಮಾಣಿಕವಾಗಿ ಹೇಳಿ. ಏನೂ ಆಗಲಿಲ್ಲ, ಅಲ್ವಾ? ಹನ್ನೆರಡು ಕೋಟಿ ಮುಖಗಳನ್ನು ಹಿಡಿಯುವಷ್ಟು ಜಾಗ ಯಾರ ತಲೆಯಲ್ಲೂ ಇಲ್ಲ. ಪಾಲ್ ಸ್ಲೊವಿಕ್ ಎಂಬ ಮನೋವಿಜ್ಞಾನಿ ದಶಕಗಳಿಂದ ಇದನ್ನೇ ಅಧ್ಯಯನ ಮಾಡಿದ್ದಾರೆ. ಅವರು ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೆಲವರಿಗೆ ಹಸಿದ ಒಬ್ಬಳೇ ಹುಡುಗಿಯ ಕಥೆ ಹೇಳಿದರು, ಕೆಲವರಿಗೆ ಲಕ್ಷಾಂತರ ಜನರ ಅಂಕಿಅಂಶ ಕೊಟ್ಟರು, ಇನ್ನು ಕೆಲವರಿಗೆ ಎರಡನ್ನೂ. ಹುಡುಗಿಯ ಕಥೆ ಮಾತ್ರ ಕೇಳಿದವರು ಜಾಸ್ತಿ ಹಣ ಕೊಟ್ಟರು. ತಮಾಷೆ ಏನೆಂದರೆ ಎರಡನ್ನೂ ಕೇಳಿದವರು ಅದಕ್ಕಿಂತ ಕಡಿಮೆ ಕೊಟ್ಟರು. ಅಂಕಿಅಂಶ ಬಂದ ಕೂಡಲೇ ಕೈ ಹಿಂದೆ ಸರಿಯಿತು.

ಹಾಗಾದರೆ ಒಂದು ಮುಖ ನೋಡಿ ಕರಗಿದರೆ ಸಾಕಾ? ಅದೂ ಸಾಲದು. 2015ರ ಸೆಪ್ಟೆಂಬರ್ 2ರಂದು ಸಿರಿಯಾದ ಪುಟ್ಟ ಹುಡುಗ ಅಲನ್ ಕುರ್ದಿಯ ದೇಹ ಟರ್ಕಿಯ ಸಮುದ್ರ ದಡದಲ್ಲಿ ಸಿಕ್ಕಿತು. ಆ ಫೋಟೋ ನೋಡದವರಿಲ್ಲ. ಸ್ವೀಡನ್ನಿನ ರೆಡ್ ಕ್ರಾಸ್ ಸಿರಿಯಾ ನಿರಾಶ್ರಿತರಿಗೆ ತೆರೆದಿದ್ದ ನಿಧಿಗೆ ದಿನವೂ ಬರುತ್ತಿದ್ದ ದೇಣಿಗೆಗಳ ಸಂಖ್ಯೆ ಮುಂದಿನ ವಾರ ನೂರು ಪಟ್ಟಿಗಿಂತ ಹೆಚ್ಚಾಯಿತು. ಸುಮಾರು ಆರು ವಾರ ಕಳೆಯುವಷ್ಟರಲ್ಲಿ ಮತ್ತೆ ಇಳಿಯಿತು. ಯುದ್ಧ ಮಾತ್ರ ಇಳಿಯಲಿಲ್ಲ. ಆದರೆ ಆಗ ತಿಂಗಳು ತಿಂಗಳೂ ಕೊಡುತ್ತೇವೆ ಎಂದು ಹೆಸರು ಬರೆಸಿದವರು ಇದ್ದರು, ಅವರಲ್ಲಿ ಹೆಚ್ಚಿನವರು ಮುಂದೆಯೂ ಕೊಡುತ್ತಾ ಹೋದರು.

ನಾನು ಇದರಿಂದ ಕಲಿತದ್ದು ಒಂದೇ. ಕಣ್ಣೀರು ಆರುವ ಮುಂಚೆ ಏನಾದರೂ ಗಟ್ಟಿ ಏರ್ಪಾಡು ಮಾಡಿಕೊಳ್ಳಬೇಕು. ಭಾವನೆಯನ್ನು ನಂಬಬೇಡಿ, ಅದು ಹೋಗುತ್ತದೆ. ಅದು ಇರುವಾಗಲೇ ಬ್ಯಾಂಕಿನಲ್ಲಿ ತಿಂಗಳಿಗೊಮ್ಮೆ ತಾನಾಗಿ ಹೋಗುವ ಹಾಗೆ ಸಣ್ಣ ಮೊತ್ತ ಒಂದನ್ನು ಹಾಕಿಬಿಡಿ. ಆಮೇಲೆ ನೀವು ಕಲ್ಲಾದರೂ ಹಣ ಹೋಗುತ್ತಿರುತ್ತದೆ.

ಜೊತೆಗೆ ನೋಯುವುದು ಬೇರೆ, ಒಳ್ಳೆಯದಾಗಲಿ ಎನ್ನುವುದು ಬೇರೆ

ಇದು ಸ್ವಲ್ಪ ಸೂಕ್ಷ್ಮ, ಆದರೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಎಂಬ ಸಂಶೋಧಕರು ಜನರಿಗೆ ಬೇರೆಯವರ ಸಂಕಟದ ವಿಡಿಯೋಗಳನ್ನು ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಅವರ ನೋವನ್ನು ತಾವೂ ಅನುಭವಿಸುವ ಅಭ್ಯಾಸ ಮಾಡಿಸಿದಾಗ, ನಮಗೇ ನೋವಾದರೆ ಕೆಲಸ ಮಾಡುವ ಭಾಗಗಳು ಚುರುಕಾದವು, ಮನಸ್ಸು ಕುಗ್ಗಿತು. ಆಮೇಲೆ ಅವರಿಗೇ ಕರುಣೆಯ ಅಭ್ಯಾಸ ಮಾಡಿಸಿದರು. ಅಂದರೆ ನೋವಿನಲ್ಲಿರುವವರ ಬಗ್ಗೆ ಅಕ್ಕರೆ, ಅವರಿಗೆ ಒಳ್ಳೆಯದಾಗಲಿ ಎಂಬ ಬಯಕೆ. ಆಗ ಚುರುಕಾದದ್ದು ಬೇರೆಯೇ ಭಾಗಗಳು, ಕುಗ್ಗಿದ ಮನಸ್ಸೂ ಮೇಲೆದ್ದಿತು. ಎರಡು ಸಲವೂ ವಿಡಿಯೋದಲ್ಲಿದ್ದದ್ದು ಸಂಕಟವೇ.

ದಿನನಿತ್ಯದಲ್ಲಿ ಇದನ್ನು ಹೇಗೆ ಮಾಡುವುದು? ಒಂದು ಸುದ್ದಿ ಓದಿ "ಅಯ್ಯೋ" ಎಂದಿತಲ್ಲ ಮನಸ್ಸು, ಅಲ್ಲಿಗೇ ನಿಲ್ಲಿಸಿ. ಆ ತಾಯಿಯ ಜಾಗದಲ್ಲಿ ನಾನಿದ್ದಿದ್ದರೆ, ಅದು ನನ್ನ ಮಗುವಾಗಿದ್ದರೆ ಎಂದು ಕಲ್ಪಿಸಿಕೊಳ್ಳುತ್ತಾ ಹೋಗಬೇಡಿ. ಅಲ್ಲಿ ತಳವೇ ಇಲ್ಲ. ಬದಲಿಗೆ ಕೇಳಿಕೊಳ್ಳಿ: ಆ ತಾಯಿಗೆ ಈಗ ಏನು ಬೇಕು? ನೀರು, ಸೂರು, ಔಷಧ, ಕಳೆದುಹೋದವರನ್ನು ಹುಡುಕಿಕೊಡುವವರು. ಅದನ್ನು ಕೊಡುತ್ತಿರುವವರು ಯಾರು? ಅವರಿಗೆ ನನ್ನಿಂದ ಏನಾದರೂ ಆಗುತ್ತದಾ? ಆಗುವುದಾದರೆ ಅದನ್ನು ಈಗಲೇ ಮಾಡಿ. ಆಗದಿದ್ದರೆ "ಅವಳಿಗೆ ನೆರಳು ಸಿಗಲಿ" ಎಂದುಕೊಂಡು ಎದ್ದು ನಿಮ್ಮ ಕೆಲಸಕ್ಕೆ ಹೋಗಿ. ಹೀಗೆ ಎದ್ದು ಹೋಗುವುದು ಕಲ್ಲು ಹೃದಯದ ಗುರುತಲ್ಲ.

ಒಂದನ್ನು ಆರಿಸಿಕೊಳ್ಳಿ

ಯುದ್ಧ, ಬರ, ಬಿಸಿಲು, ರೋಗ, ಎಲ್ಲವೂ ಒಂದೇ ದಿನ ಒಂದೇ ಪರದೆಯಲ್ಲಿ ಬರುತ್ತವೆ. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಮರುಗಿ ಯಾವುದಕ್ಕೂ ಏನೂ ಮಾಡದೆ ಇರುವುದಕ್ಕಿಂತ ಒಂದನ್ನು ಹಿಡಿದು ವರ್ಷಗಟ್ಟಲೆ ಬಿಡದೆ ಇರುವುದು ಮೇಲು. "ಅದನ್ನೇ ಯಾಕೆ, ಇದನ್ನು ಯಾಕೆ ಅಲ್ಲ" ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ಅವರು ಸಾಮಾನ್ಯವಾಗಿ ಎರಡನ್ನೂ ಮಾಡುತ್ತಿರುವುದಿಲ್ಲ.

ದೂರದ ದುರಂತಕ್ಕೆ ವಸ್ತು ಕಳಿಸುವುದಕ್ಕಿಂತ ಹಣ ಕಳಿಸಿ. ಬೀರುವಿನಿಂದ ಬಟ್ಟೆ ತೆಗೆದು ಗಂಟು ಕಟ್ಟಿದರೆ ಏನೋ ಮಾಡಿದ ತೃಪ್ತಿ ಸಿಗುತ್ತದೆ, ಗೊತ್ತು. ಆದರೆ 2004ರ ಡಿಸೆಂಬರ್‌ನ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಯಾರಿಗೂ ಬೇಡವಾದ ಹಳೆಯ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ರಾಶಿ ಬಿದ್ದಿದ್ದವು. ಅದನ್ನು ಇಳಿಸಲು, ವಿಂಗಡಿಸಲು, ಎಸೆಯಲು ಜನ ಬೇಕು, ಲಾರಿ ಬೇಕು, ಜಾಗ ಬೇಕು. ಹಣವಾದರೆ ಅಲ್ಲಿಯವರು ತಮಗೆ ಬೇಕಾದದ್ದನ್ನು ಅಲ್ಲೇ ಹತ್ತಿರದಲ್ಲಿ ಕೊಳ್ಳುತ್ತಾರೆ, ಅಲ್ಲಿನ ಅಂಗಡಿಯವರೂ ಬದುಕಿಕೊಳ್ಳುತ್ತಾರೆ. ಅಲ್ಲಿ ಕೆಲಸ ಮಾಡುವವರೇ ಇಂಥ ವಸ್ತು ಬೇಕು ಎಂದು ಕೇಳಿದರೆ ಮಾತ್ರ ಅದನ್ನು ಕಳಿಸಿ.

ಹಣ ಕಳಿಸುವ ಮುಂಚೆ ಐದು ನಿಮಿಷ ಪರೀಕ್ಷಿಸಿ. ಉರಿಯುವ ಮನೆಯ ಗಳ ಹಿರಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ, ಈಗ ಅವರ ಹತ್ತಿರ ಕ್ಯೂಆರ್ ಕೋಡ್ ಇದೆ. ದುರಂತಕ್ಕೆ ಮುಂಚಿನಿಂದಲೂ ಆ ಜಾಗದಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆಯಾ? ವರ್ಷ ವರ್ಷದ ಲೆಕ್ಕಪತ್ರ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಾರಾ? ಮೆಸೇಜಿನಲ್ಲಿ ಬಂದ ಲಿಂಕ್ ಒತ್ತದೆ, ಸಂಸ್ಥೆಯ ವೆಬ್‌ಸೈಟಿಗೆ ನೀವೇ ಹೋಗಿ ಕೊಡಿ.

ಹಣವಿಲ್ಲದವರು ತಲೆತಗ್ಗಿಸಬೇಕಾಗಿಲ್ಲ. ಎರಡು ಭಾಷೆ ಬರುತ್ತದಾ, ಅನುವಾದ ಮಾಡುವವರು ಎಲ್ಲ ಕಡೆಯೂ ಬೇಕು. ಲೆಕ್ಕ ಬರೆಯಲು ಬರುತ್ತದಾ, ಸಣ್ಣ ಸಂಸ್ಥೆಗಳಿಗೆ ಅದೇ ದೊಡ್ಡ ತಲೆನೋವು. ಆರೋಗ್ಯ ಚೆನ್ನಾಗಿದ್ದರೆ ರಕ್ತ ಕೊಡಬಹುದು. ನಿಮ್ಮ ಪ್ರತಿನಿಧಿಗೆ ಪತ್ರ ಬರೆಯಬಹುದು, ಒಂದು ಸಲ ಅಲ್ಲ, ಉತ್ತರ ಬರುವ ತನಕ.

ಆನ್ರಿ ದ್ಯುನಾನ್ ಎಂಬ ಮನುಷ್ಯನ ಕಥೆ ನನಗೆ ಆಗಾಗ ನೆನಪಾಗುತ್ತದೆ. 1859ರ ಜೂನ್‌ನಲ್ಲಿ ಈ ಸ್ವಿಸ್ ವ್ಯಾಪಾರಿ ತನ್ನ ವ್ಯವಹಾರದ ಕೆಲಸಕ್ಕೆ ಇಟಲಿಗೆ ಹೋಗಿದ್ದ. ಸೋಲ್ಫೆರಿನೊ ಎಂಬಲ್ಲಿ ಆಗಷ್ಟೇ ಯುದ್ಧ ಮುಗಿದು ಸಾವಿರಾರು ಸೈನಿಕರು ಗಾಯಗೊಂಡು ನರಳುತ್ತಿದ್ದರು. ಅವನು ಡಾಕ್ಟರ್ ಅಲ್ಲ, ಸೈನಿಕನೂ ಅಲ್ಲ. ಹತ್ತಿರದ ಕಾಸ್ತಿಲ್ಯೋನೆ ಎಂಬ ಊರಿನ ಜನರನ್ನು, ಅದರಲ್ಲೂ ಹೆಂಗಸರನ್ನು ಸೇರಿಸಿಕೊಂಡು, ಯಾವ ಕಡೆಯವನು ಎಂದು ಕೇಳದೆ ನೀರು ಕೊಟ್ಟ, ಗಾಯ ಕಟ್ಟಿದ. ಯುದ್ಧ ನಿಲ್ಲಿಸಲು ಅವನಿಂದ ಆಗುತ್ತಿರಲಿಲ್ಲ, ಅವನು ಅದಕ್ಕೆ ಕೈಹಾಕಲೂ ಇಲ್ಲ. 1863ರಲ್ಲಿ ಅವನೂ ಇನ್ನು ನಾಲ್ವರೂ ಸೇರಿ ಕಟ್ಟಿದ ಸಮಿತಿಯೇ ಮುಂದೆ ರೆಡ್ ಕ್ರಾಸ್ ಆಯಿತು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟದ್ದು ಅವನಿಗೆ ಮತ್ತು ಫ್ರೆಡೆರಿಕ್ ಪಾಸಿ ಎಂಬುವರಿಗೆ. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. ಆದರೆ ಈ ಓಡಾಟದಲ್ಲಿ ಅವನು ಸ್ವಂತ ವ್ಯಾಪಾರವನ್ನು ನೋಡಿಕೊಳ್ಳಲಿಲ್ಲ, 1867ರಲ್ಲಿ ದಿವಾಳಿಯಾದ, ಆಮೇಲೆ ದಶಕಗಳ ಕಾಲ ಬಡತನದಲ್ಲಿ ಯಾರಿಗೂ ಬೇಡವಾಗಿ ಬದುಕಿದ. ಅದಕ್ಕೇ ಹೇಳುತ್ತೇನೆ, ಕೈಯಲ್ಲಿ ಎಷ್ಟಿದೆ ನೋಡಿಕೊಂಡು ಕೊಡಿ. ಹಣವೂ ಹೌದು, ಮನಸ್ಸಿನ ಬಲವೂ ಹೌದು.

ನಿಮ್ಮ ಪಕ್ಕದಲ್ಲೇ ಇರುವವರು

ನಿಮ್ಮ ಕೆಲಸದ ಜಾಗದಲ್ಲೋ ತರಗತಿಯಲ್ಲೋ ಆ ದೇಶದವರು, ಆ ಭಾಷೆಯವರು, ಅಲ್ಲಿ ಬಂಧುಗಳಿರುವವರು ಒಬ್ಬರಿರಬಹುದು. ಸಾವಿರ ಮೈಲಿ ಆಚೆಗಿನವರಿಗೆ ಅಳುತ್ತಾ ಇವರನ್ನು ಮಾತಾಡಿಸದೆ ಹೋಗುವುದು ನಾವು ದಿನಾ ಮಾಡುವ ತಪ್ಪು.

ಕಷ್ಟದಲ್ಲಿರುವವರಿಗೆ ಮಾನಸಿಕ ಪ್ರಥಮ ಚಿಕಿತ್ಸೆ ಕೊಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳು 2011ರಲ್ಲಿ ಒಂದು ಕೈಪಿಡಿ ತಂದವು. ಅದರ ತಿರುಳು ಮೂರೇ ಮಾತು: ನೋಡು, ಕೇಳು, ಜೋಡಿಸು. ನೋಡು ಅಂದರೆ ಅವರು ಸುರಕ್ಷಿತವಾಗಿದ್ದಾರಾ, ಉಂಡರಾ, ಮಲಗಿದರಾ. ಕೇಳು ಅಂದರೆ ಅವರಾಗಿ ಹೇಳಿದಷ್ಟನ್ನು ಕೇಳುವುದು. ಏನಾಯಿತು, ಹೇಗಾಯಿತು ಎಂದು ಕೆದಕಬಾರದು. ಜೋಡಿಸು ಅಂದರೆ ಬೇಕಾದ ಸೌಲಭ್ಯ, ಮಾಹಿತಿ, ಮನೆಯವರ ಜೊತೆ ಸಂಪರ್ಕ ಸಿಗುವ ಹಾಗೆ ಮಾಡುವುದು.

"ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ" ಎನ್ನಬೇಡಿ. ಸರಿಹೋಗದೆಯೂ ಇರಬಹುದು, ಅದು ಅವರಿಗೂ ಗೊತ್ತು. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವುದೂ ಅಷ್ಟಕ್ಕಷ್ಟೆ, ಕೇಳುವ ಭಾರವನ್ನು ಅವರ ತಲೆ ಮೇಲೇ ಇಟ್ಟ ಹಾಗೆ. ಅದರ ಬದಲು "ನಾಳೆ ನಿಮ್ಮ ಪಾಳಿ ನಾನು ಮಾಡುತ್ತೇನೆ, ನೀವು ಮನೆಗೆ ಫೋನ್ ಮಾಡಿಕೊಳ್ಳಿ" ಎಂದು ನೋಡಿ. ಮತ್ತೆ ಅವರ ಸರ್ಕಾರ ಮಾಡಿದ್ದಕ್ಕೆ ಅವರ ಹತ್ತಿರ ಉತ್ತರ ಕೇಳಬೇಡಿ. ಊಟದ ಹೊತ್ತಿಗೆ ಎಲ್ಲರ ಮುಂದೆ "ನಿಮ್ಮವರು ಹೀಗೆ ಮಾಡಿದ್ದು ಸರೀನಾ" ಎಂದು ಕೇಳುವವರನ್ನು ನಾನು ನೋಡಿದ್ದೇನೆ.

ಮನೆಯಲ್ಲಿ ಮಕ್ಕಳಿದ್ದರೆ ಟಿವಿ ಆರಿಸಿ. ಒಂದೇ ಸ್ಫೋಟವನ್ನು ಹತ್ತು ಸಲ ತೋರಿಸಿದರೆ ಚಿಕ್ಕ ಮಕ್ಕಳು ಹತ್ತು ಸ್ಫೋಟ ಆಯಿತು ಎಂದುಕೊಳ್ಳಬಹುದು. ಅವರಿಗೆ ಏನು ಗೊತ್ತು ಎಂದು ಮೊದಲು ಕೇಳಿ, ಆಮೇಲೆ ಕೇಳಿದ್ದಕ್ಕೆ ಮಾತ್ರ ನಿಜ ಹೇಳಿ.

ನಗಬಹುದಾ?

ನಗಬಹುದು. ಅಲ್ಲಿ ಜನ ಸಾಯುತ್ತಿರುವಾಗ ನಾನು ಇಲ್ಲಿ ಹುಟ್ಟುಹಬ್ಬ ಮಾಡುವುದಾ ಎಂದು ನೀವು ಕೇಕ್ ಬಿಟ್ಟರೆ ಆ ಕೇಕ್ ಅಲ್ಲಿಗೆ ಹೋಗುವುದಿಲ್ಲ. ಯುದ್ಧ ನಡೆಯುವ ಜಾಗದಲ್ಲೂ ಮದುವೆಗಳಾಗುತ್ತವೆ, ಮಕ್ಕಳು ಚೆಂಡು ಒದೆಯುತ್ತಾರೆ. ನಾವು ಅವರಿಗಿಂತ ಜಾಸ್ತಿ ದುಃಖಿಗಳ ಹಾಗೆ ಇರುವುದು ನನಗೇಕೋ ಸರಿ ಕಾಣುವುದಿಲ್ಲ.

ಇನ್ನೊಂದು ವಿಷಯ. ಕೆಟ್ಟದ್ದು ಒಂದೇ ದಿನದಲ್ಲಿ ಆಗುತ್ತದೆ, ಒಳ್ಳೆಯದು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ, ಹಾಗಾಗಿ ಅದು ಸುದ್ದಿಯಾಗುವುದಿಲ್ಲ. 1990ರಲ್ಲಿ ಐದು ವರ್ಷ ತುಂಬುವ ಮುಂಚೆಯೇ ಸತ್ತ ಮಕ್ಕಳು ಪ್ರಪಂಚದಲ್ಲಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು. 2022ರಲ್ಲಿ ಅದು 50 ಲಕ್ಷಕ್ಕಿಂತ ಕೆಳಗೆ ಬಂತು. 50 ಲಕ್ಷವೂ ಭಯಾನಕವೇ, ಇಲ್ಲ ಎನ್ನುವುದಿಲ್ಲ. ಆದರೆ ಈ ಇಳಿಕೆ ತಾನಾಗಿ ಆದದ್ದಲ್ಲ, ಲಸಿಕೆ, ಶುದ್ಧ ನೀರು, ಮನೆ ಮನೆಗೆ ನಡೆದು ಹೋದ ದಾದಿಯರಿಂದ ಆದದ್ದು. "ಏನು ಮಾಡಿದರೂ ಅಷ್ಟೇ" ಎಂದು ಅನ್ನಿಸಿದ ದಿನ ನಾನು ಈ ಎರಡು ಸಂಖ್ಯೆಗಳನ್ನು ನೋಡಿಕೊಳ್ಳುತ್ತೇನೆ.

ಯಾವಾಗ ಸಹಾಯ ಕೇಳಬೇಕು

ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ, ಮಾತೆತ್ತಿದರೆ ಅಳು ಅಥವಾ ಸಿಟ್ಟು, ಕುಡಿತ ಹೆಚ್ಚಾಗಿದೆ ಎಂದಾದರೆ ಡಾಕ್ಟರ್ ಅಥವಾ ಆಪ್ತಸಮಾಲೋಚಕರ ಹತ್ತಿರ ಹೋಗಿ. "ಅಲ್ಲಿಯವರ ಕಷ್ಟದ ಮುಂದೆ ನನ್ನದೇನು" ಎಂದು ತಳ್ಳಿಹಾಕಬೇಡಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡಿ. ನಿಮ್ಮಲ್ಲಿರುವ ಸಹಾಯವಾಣಿಗೆ ಆಗಲೇ ಫೋನ್ ಮಾಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ.

ಇಷ್ಟೆಲ್ಲ ಬರೆದ ನಾನೂ ಆಗಾಗ ಜಾರುತ್ತೇನೆ. ಹೋದ ತಿಂಗಳು ಮತ್ತೆ ರಾತ್ರಿ ಒಂದೂವರೆ ತನಕ ನೋಡುತ್ತಾ ಕುಳಿತಿದ್ದೆ. ಮರುದಿನ ಹೋಗಿ ಟಿಕ್ ಟಿಕ್ ಎನ್ನುವ ಹಳೇ ಕಾಲದ ಅಲಾರಂ ಗಡಿಯಾರ ಒಂದನ್ನು ತಂದೆ, ಯಾಕೆಂದರೆ ಬೆಳಗ್ಗೆ ಏಳಬೇಕು ಎಂಬ ನೆಪದಲ್ಲೇ ಫೋನ್ ಹಾಸಿಗೆಗೆ ಬರುತ್ತಿತ್ತು. ಈಗ ಫೋನ್ ಅಡುಗೆಮನೆಯಲ್ಲಿ ಮಲಗುತ್ತದೆ. ಗಡಿಯಾರದ ಸದ್ದಿಗೆ ಮೊದಲೆರಡು ರಾತ್ರಿ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.